ಗೊಂಬಿ ಸಿನಿಮಾ ಮತ್ತು ವೋಲ್ಟ್ ಮೀಟರಿನ ಮುಳ್ಳು

ನಮ್ಮ ಪಡಸಾಲೆಯ ಗೋಡೆಯ ಮೇಲೆ ಒಂದು ವೋಲ್ಟ್ ಮೀಟರ್ ಇದೆ. ಉಳಿದವರ ಮನೆಯಲ್ಲಿ ಆ ಜಾಗದಲ್ಲಿ ದೇವರ ಫೋಟೊ ಇರುತ್ತದೆ, ಇಲ್ಲವೆ ಕ್ಯಾಲೆಂಡರ್ ಇರುತ್ತದೆ. ಸಾಗವಾನಿ ಪೆಟ್ಟಿಗೆಯಲ್ಲಿ ಕೂರಿಸಿ ನಾನೇ ಕೈಯಾರೆ ಮೊಳೆ ಹೊಡೆದದ್ದು. ಅದರ ಮುಳ್ಳು ಸತ್ತು ಎಷ್ಟೋ ವರ್ಷವಾಯಿತು. ಕರೆಂಟು ಇರಲಿ, ಹೋಗಲಿ, ಸೊನ್ನೆಯ ಮೇಲೆ ಮಲಗಿರುತ್ತದೆ. ಮಗಳ ಮದುವೆಗೆಂದು ಮನೆಗೆ ಬಣ್ಣ ಹಚ್ಚಿಸುವಾಗ ನಿಪ್ಪಾಣಿಯಿಂದ ಬಂದ ಪೇಂಟರ್ ಏಣಿಯ ಮೇಲೆ ನಿಂತು ಕೇಳಿದ:

"ಕಾಕಾ, ಈ ಗಡಿಯಾರ ಬಂದ್ ಬಿದ್ದೈತಲ್ಲ, ತಗದ ಒಗೀಲೇನು?"

"ಅದು ಗಡಿಯಾರ ಅಲ್ಲಪಾ. ವೋಲ್ಟ್ ಮೀಟರ್."

"ನಡೀತೈತೇನು?"

"ಇಲ್ಲ."

"ಮತ್ತ ಯಾಕ್ ಬೇಕ್ರಿ? ಅಲ್ಲೊಂದು ಛಲೋ ಸೀನರಿ ಹಾಕ್ರಿ. ನಾಕ ಮಂದಿ ಬೀಗರು ಬರೂವರು ಅದಾರ."

ಅದರ ಸುತ್ತ ಚೌಕ ಬಿಟ್ಟು ಹಚ್ಚು ಎಂದೆ. ಬಣ್ಣದವರಿಗೆ ಹೀಗೆ ಹೇಳಿದರೆ ಸೇರುವುದಿಲ್ಲ. ಅವನು ಗೊಣಗಿದ. ಅಷ್ಟರಲ್ಲಿ ಅವನಿಗೆ ಚಹಾ ತಂದ ನನ್ನ ಮಗಳು ಸವಿತಾ ಆ ಮೀಟರನ್ನು ನೋಡಿ ಒಂದು ಮಾತು ಅಂದಳು. ಆ ಮಾತನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ಅದು ನಿಮಗೆ ಕರೆಂಟಿನ ಮಾತಿನಂತೆ ಕೇಳಿಸುತ್ತದೆ, ಅಷ್ಟೆ.

ನನ್ನ ಕಸುಬು ಸುಟ್ಟ ಮೋಟಾರುಗಳಿಗೆ ಮತ್ತೆ ತಂತಿ ಸುತ್ತುವುದು. ಅಥಣಿಯಲ್ಲಿ ನನ್ನದೊಂದು ತಗಡಿನ ಅಂಗಡಿ. ಹೊಳೆದಂಡೆಯ ಕಬ್ಬಿಗೆ ನೀರು ಎತ್ತುವ ಮೋಟಾರುಗಳು ಬೇಸಿಗೆಯಲ್ಲಿ ಒಂದರ ಹಿಂದೊಂದು ಸುಡುತ್ತವೆ. ಎಲ್ಲರೂ ಒಟ್ಟಿಗೆ ಸ್ಟಾರ್ಟರ್ ಒತ್ತುತ್ತಾರೆ, ವೋಲ್ಟೇಜು ಬೀಳುತ್ತದೆ, ಮೋಟಾರು ಗುಂಯ್ ಎಂದು ನರಳಿ ಹೊಗೆ ಬಿಡುತ್ತದೆ. ಸತ್ತಿಯಿಂದ, ಅನಂತಪುರದಿಂದ ಚಕ್ಕಡಿಯಲ್ಲಿ ಹಾಕಿಕೊಂಡು ತರುತ್ತಾರೆ, ಬೇನೆ ಬಿದ್ದವರನ್ನು ತಂದ ಹಾಗೆ. ನಾನು ಬಿಚ್ಚಿ, ಸುಟ್ಟ ತಂತಿಯ ಸುತ್ತು ಎಣಿಸಿ, ಅಷ್ಟೇ ಸುತ್ತು ಹೊಸ ತಾಮ್ರದ ತಂತಿ ಹಾಕಿ, ವಾರ್ನಿಶ್ ಬಡಿದು ಒಣಗಿಸಿ ಕೊಡುತ್ತೇನೆ. ಒಂದು ಸುತ್ತು ತಪ್ಪಿದರೂ ಮೋಟಾರು ಬಾಳುವುದಿಲ್ಲ.

ಆರನೆಯ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಮಿರಜದಲ್ಲಿ ಒಬ್ಬ ವಸ್ತಾದರ ಕೈಕೆಳಗೆ ಕಲಿತೆ. ಅವರು ಸುತ್ತು ಎಣಿಸುತ್ತಿದ್ದದ್ದು ಮರಾಠಿಯಲ್ಲಿ. ಹೀಗಾಗಿ ಇವತ್ತಿಗೂ ಮನೆಯಲ್ಲಿ ಕನ್ನಡ ಮಾತಾಡುವ ನಾನು ತಂತಿ ಹಿಡಿದರೆ ಏಕ್, ದೋನ್, ತೀನ್ ಅನ್ನುತ್ತೇನೆ. ಕನ್ನಡದಲ್ಲಿ ಎಣಿಸಿದರೆ ಕೈ ತಪ್ಪುತ್ತದೆ. ನಾನು ಕಟ್ಟಿದ ಮೋಟಾರು ವರ್ಷದೊಳಗೆ ತಿರುಗಿ ಬಂದದ್ದಿಲ್ಲ. ಇದು ಜಂಬದ ಮಾತಲ್ಲ. ಸರಿ, ಜಂಬದ್ದೇ. ಸತ್ತಿಯ ರೈತರೊಬ್ಬರು ಒಮ್ಮೆ ಅಂಗಡಿ ತುಂಬ ಜನ ಇದ್ದಾಗ, "ಮಿಸ್ತ್ರಿ ಕೈ ಹತ್ತಿದ ಮೋಟಾರಿಗೆ ಸಾವಿಲ್ಲ ಬಿಡ್ರಿ" ಅಂದಿದ್ದರು. ಆ ಮಾತನ್ನು ನಾನು ಬಹಳ ದಿನ ಕಿವಿಯಲ್ಲಿ ಇಟ್ಟುಕೊಂಡು ತಿರುಗಿದೆ.

ವೋಲ್ಟೇಜಿನ ವಿಷಯದಲ್ಲಂತೂ ನಮ್ಮ ಓಣಿಯಲ್ಲಿ ನನ್ನ ಮಾತೇ ಕೊನೆ. ಟಿವಿ ಇದ್ದ ನಾಲ್ಕೈದು ಮನೆಯವರು ಹಚ್ಚುವ ಮೊದಲು ನಮ್ಮ ಬಾಗಿಲಿಗೆ ಬಂದು, "ಮಿಸ್ತ್ರಿ, ಹಚ್ಚಲೇನ್ರಿ?" ಎಂದು ಕೇಳುತ್ತಿದ್ದರು. ನಾನು ಗೋಡೆಯ ಮುಳ್ಳು ನೋಡಿ, ಇನ್ನೂರ ಇಪ್ಪತ್ತರ ಸುತ್ತ ಇದ್ದರೆ "ಹಚ್ಚರಿ", ಕೆಳಗೆ ಬಿದ್ದಿದ್ದರೆ "ಈಗ ಬ್ಯಾಡ" ಅನ್ನುತ್ತಿದ್ದೆ. ಆ ಮುಳ್ಳು ಎಲ್ಲಿದ್ದರೆ ಏನು ಅರ್ಥ ಎಂದು ನಾನು ಕಲಿಸಿದ್ದು ಒಬ್ಬರಿಗೆ ಮಾತ್ರ, ಸವಿತಾಳಿಗೆ. ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕಲಿಸಿದ್ದೆ. ಅಕ್ಷರಕ್ಕಿಂತ ಮೊದಲು ಆಕೆ ಅದನ್ನು ಓದಲು ಕಲಿತಳು.

ನಾನು ಬರೆಯಲು ಕೂತದ್ದು ಗೊಂಬಿ ಸಿನಿಮಾದ ಬಗ್ಗೆ, ಮೋಟಾರಿನ ಬಗ್ಗೆ ಅಲ್ಲ. ಈಗ ಕಾರ್ಟೂನ್ ಅನ್ನುತ್ತಾರೆ. ಚಿತ್ರ ಬರೆದು ಅವು ಓಡಾಡುವಂತೆ, ಮಾತಾಡುವಂತೆ ಮಾಡಿದ ಸಿನಿಮಾ. ನಾವು ಗೊಂಬಿ ಸಿನಿಮಾ ಅನ್ನುತ್ತಿದ್ದೆವು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ವಿಡಿಯೊ ಅಂಗಡಿಗಳು ನಮ್ಮ ಕಡೆ ಬಂದಿದ್ದವು. ಕ್ಯಾಸೆಟ್ಟಿನ ಜೊತೆ ವಿಸಿಆರ್ ಕೂಡ ಬಾಡಿಗೆಗೆ ಸಿಗುತ್ತಿತ್ತು. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿದ್ದ ವಸಂತ ನನ್ನ ಗೆಳೆಯ. ಅವನ ಫ್ಯಾನು ಎರಡು ಸಲ ಸುಟ್ಟಿತ್ತು, ಎರಡು ಸಲವೂ ನಾನೇ ಕಟ್ಟಿಕೊಟ್ಟಿದ್ದೆ. ಅವನ ಪ್ರಕಾರ ಗೊಂಬಿ ಸಿನಿಮಾ ಅಂದರೆ ತಂದೆತಾಯಿಗಳಿಗೆ ನಿದ್ದೆಯ ಔಷಧ.

"ಹೊಡದಾಟದ್ದ ಒಯ್ದ್ರ ಮನಿಮಂದೆಲ್ಲ ನೋಡತಾರ ಮಿಸ್ತ್ರಿ. ಗೊಂಬೀದು ಒಯ್ದ್ರ ಹುಡುಗರನ್ನ ಅದರ ಮುಂದ ಕೂಡಿಸಿ ಗಂಡಹೆಂಡ್ತಿ ಮಕ್ಕೊತಾರ. ದೊಡ್ಡವ್ರು ಯಾರರೇ ಅದನ್ನ ಕಡೀತನಕ ನೋಡ್ಯಾರಂದ್ರ ಈ ಅಂಗಡಿ ನಿನ್ನ ಹೆಸರಿಗೆ ಬರದ ಕೊಡತೀನಿ."

ಪಕ್ಕದ ಮನೆಯ ಪದ್ಮಾಯಿಯ ಅಭಿಪ್ರಾಯ ಬೇರೆ. ಜೈನರ ಹಿರಿಯ ಹೆಣ್ಣುಮಗಳು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆ, ಇರುವೆ ಸಾಲು ಕಂಡರೆ ದಾಟದೆ ಸುತ್ತು ಹಾಕಿ ಹೋಗುವವರು. "ಹೊಡದಾಟದ್ದ ನೋಡಿದ್ರ ಜೀವ ಝಲ್ ಅಂತೈತಿ. ಇದ ಛಲೋ ನೋಡಪಾ. ಬಿದ್ದರೂ ರಗತ ಬರಂಗಿಲ್ಲ. ಸತ್ತದ್ದೂ ಎದ್ದ ನಿಂದರತೈತಿ" ಅನ್ನುತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ವಸಂತನ ಪಕ್ಷವನ್ನೇ ಹಿಡಿಯುತ್ತಿದ್ದೆ. ದುಡಿಯುವ ಗಂಡಸು ಕೂತು ಬಾತುಕೋಳಿಯ ಮಾತು ಕೇಳುವುದೇ?

ನಮ್ಮ ಕಾಲದಲ್ಲಿ ಇಂಥದೇನೂ ಇರಲಿಲ್ಲ ಎಂದು ಹೇಳಲು ಹೊರಟಿದ್ದೆ. ಆದರೆ ಒಂದಿತ್ತು. ನನ್ನ ಅಪ್ಪ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಬಿರುಸು ಮನುಷ್ಯ. ಮಾತು ಕಡಿಮೆ. ಮನಸ್ಸು ಬಂದರೆ ಸಂಜೆ ಕಂದೀಲಿನ ಮುಂದೆ ಎರಡು ಕೈ ಕೂಡಿಸಿ ಗೋಡೆಯ ಮೇಲೆ ನೆರಳಿನ ನಾಯಿ ಮಾಡುತ್ತಿದ್ದ. ಅದು ಬಾಯಿ ತೆಗೆಯುತ್ತಿತ್ತು, ಕಿವಿ ಆಡಿಸುತ್ತಿತ್ತು. ಅವನಿಗೆ ಬರುತ್ತಿದ್ದದ್ದು ಅದೊಂದೇ. "ಅಪ್ಪಾ, ಮೊಲ ಮಾಡು" ಅಂದರೆ ಅದೇ ನಾಯಿಯನ್ನೇ ಮಾಡಿ, "ತಗೋ, ಇದ ಮೊಲ" ಅನ್ನುತ್ತಿದ್ದ. ನಾನು ಕುಣಿಯುತ್ತಿದ್ದೆ. ನಂಬಿ ಕುಣಿಯುತ್ತಿದ್ದೆನೋ, ಅಪ್ಪನ ಕೈ ಕೆಳಗಿಳಿಯಬಾರದು ಎಂದು ಕುಣಿಯುತ್ತಿದ್ದೆನೋ, ಈಗ ಹೇಳಲಾರೆ. ಮಕ್ಕಳ ಲೆಕ್ಕ ಬೇರೆಯೇ ಇರುತ್ತದೆ. ಅದನ್ನು ನಾನು ತಡವಾಗಿ ಕಲಿತೆ.

ನನ್ನ ಹೆಂಡತಿ ಕಸ್ತೂರಿ ಸತ್ತಿಯವಳು. ಹೊಳೆಯ ದಂಡೆಯಲ್ಲಿ ಬೆಳೆದ ಹೆಣ್ಣು. ಅಥಣಿಯ ಬಾವಿ ನೀರು ಸವಳು ಎಂದು ಜೀವನಪೂರ್ತಿ ಹೆಸರಿಟ್ಟಳು. ಸವಿತಾ ಎರಡನೆಯ ಇಯತ್ತೆಯಲ್ಲಿದ್ದಾಗ, ಗಣಪತಿ ಹಬ್ಬದ ಸುಮಾರಿಗೆ ಕಸ್ತೂರಿಗೆ ಕಾಮಾಲೆ ಎಂದರು. ಗಿಡಮೂಲಿಕೆ ಆಯಿತು, ಊರ ಡಾಕ್ಟರು ಆಯಿತು, ಕೊನೆಗೆ ಮಿರಜಕ್ಕೆ ಒಯ್ದೆ. ನಮ್ಮ ಕಡೆಯವರಿಗೆ ಮಿರಜ ಅಂದರೆ ದವಾಖಾನೆ. ಅಲ್ಲಿಗೆ ಹೋದವರು ಬದುಕಿ ಬರುತ್ತಾರೆ ಎಂಬ ನಂಬಿಕೆ. ಬಹಳ ಜನ ಬರುತ್ತಾರೆ ಕೂಡ. ಕಸ್ತೂರಿ ಬರಲಿಲ್ಲ. ದೀಪಾವಳಿಗೆ ಇನ್ನೂ ಒಂದು ವಾರ ಇತ್ತು.

ಸವಿತಾಳನ್ನು ಅನಂತಪುರದಲ್ಲಿ ನನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ. ಮಣ್ಣು ಮುಗಿದ ಮೇಲೆ ಮಗುವಿಗೆ ಏನು ಹೇಳುವುದು ಎಂಬ ಮಾತು ಬಂತು. ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ನಾನೇ, "ಆಕೀಗೆ ಯಾರೂ ಏನೂ ಹೇಳಬ್ಯಾಡ್ರಿ. ಅವ್ವ ಮಿರಜದಾಗ ಅದಾಳ ಅನ್ರಿ. ವ್ಯಾಳ್ಯಾ ನೋಡಿ ನಾನ ಹೇಳತೀನಿ" ಎಂದೆ. ನನ್ನ ಮಾತಿಗೆ ಓಣಿಯಲ್ಲಿ ತೂಕ ಇತ್ತು. ವೋಲ್ಟೇಜು ಇಲ್ಲ ಎಂದರೆ ಟಿವಿ ಹಚ್ಚದ ಜನ, ಸುಳ್ಳು ಹೇಳಿರಿ ಎಂದರೆ ಸುಳ್ಳೂ ಹೇಳಿದರು. ಹಾಲು ಹಾಕುವವಳಿಂದ ಹಿಡಿದು ಸಾಲಿಯ ಮಾಸ್ತರರವರೆಗೆ ಎಲ್ಲರೂ, "ನಿಮ್ಮವ್ವ ಅರಾಮ ಆಗಾಕತ್ತಾಳಂತ ಸವಿ" ಅನ್ನುತ್ತಿದ್ದರು. ಮನೆಯಲ್ಲಿ ಫೋಟೊಕ್ಕೆ ಮಾಲೆ ಹಾಕಲಿಲ್ಲ. ಕಸ್ತೂರಿಯ ಸೀರೆ ಗೂಟದ ಮೇಲೆ ಹಾಗೇ ಇದ್ದವು. ಇಷ್ಟು ಜನರನ್ನು ಒಂದು ತಂತಿಯಲ್ಲಿ ಕಟ್ಟಿ ಹಿಡಿದೆನಲ್ಲ ಎಂದು ಆ ದುಃಖದಲ್ಲೂ ನನಗೊಂದು ಹೆಮ್ಮೆ ಇತ್ತು ಎಂದರೆ ನೀವು ನಂಬಬೇಕು.

ನನ್ನ ಜಾಣತನದ ಇನ್ನೊಂದು ಕತೆ ಕೇಳಿ. ಸವಿತಾ ಒಂದು ದಿನ, "ಅವ್ವ ಪತ್ರಾನರೆ ಬರೀಬಾರದ?" ಎಂದು ಕೇಳಿದಳು. ಕನ್ನಡದಲ್ಲಿ ನಾನೇ ಬರೆದರೆ ನನ್ನ ಕೋಳಿಕಾಲಿನ ಅಕ್ಷರ ಆಕೆ ಗುರುತು ಹಿಡಿಯುತ್ತಾಳೆ. ಆಗ ಉಪಾಯ ಹೊಳೆಯಿತು. ಸಾಂಗಲಿಯ ತಂತಿ ವ್ಯಾಪಾರಿ ನನಗೆ ಆಗಾಗ ಇನ್‌ಲ್ಯಾಂಡ್ ಪತ್ರ ಹಾಕುತ್ತಿದ್ದ, ಮರಾಠಿಯಲ್ಲಿ. ಇಂಥ ನಂಬರಿನ ತಂತಿ ಬಂದಿದೆ, ಇಂಥದು ಇಲ್ಲ ಎಂದು. ಮುಂದಿನ ಪತ್ರ ಬಂದಾಗ ಅದನ್ನೇ ಬಿಡಿಸಿ ಹಿಡಿದುಕೊಂಡು ಓದಿದೆ: "ಚಿರಂಜೀವಿ ಸವಿತಾಗ ಅವ್ವನ ಆಶೀರ್ವಾದ. ನಾ ಅರಾಮ ಅದೀನಿ. ದಿನಾ ತಲಿ ಹಿಕ್ಕೊ. ಅಪ್ಪನ ಕಾಡಬ್ಯಾಡ."

ಸವಿತಾ ಬಗ್ಗಿ ಕಾಗದ ನೋಡಿದಳು. "ಇದ ಮರಾಠಿ ಐತಲ್ಲಪಾ. ಅವ್ವಗ ಎಲ್ಲಿ ಮರಾಠಿ ಬರೂದು?"

"ಅಲ್ಲಿ ನರ್ಸಬಾಯಿ ಬರೀತಾಳ. ಅವ್ವ ಬಾಯಿಲೆ ಹೇಳತಾಳ."

"ಹಂ" ಎಂದಳು. "ಇನ್ನೊಮ್ಮಿ ಓದು."

ಹೀಗೆ ತಂತಿ ವ್ಯಾಪಾರಿಯ ಪತ್ರಗಳನ್ನು ನಾನು ಆ ಚಳಿಗಾಲವಿಡೀ ಓದಿದೆ. ಪ್ರತಿ ಪತ್ರವನ್ನೂ ಎರಡು ಸಲ. ಸಾಲಿ ಕಲಿಯದವನು ನಾನು, ಬರೆಯದೇ ಇದ್ದದ್ದನ್ನು ಓದುವುದರಲ್ಲಿ ಮಾತ್ರ ಎಲ್ಲರನ್ನೂ ಮೀರಿಸಿದೆ.

ಅಡಿಗೆಯನ್ನು ಪದ್ಮಾಯಿ ನೋಡಿಕೊಂಡರು. ಅವರ ಮನೆಯಲ್ಲಿ ಒಲೆ ಬೇಗ ಆರುತ್ತಿತ್ತು, ಆದ್ದರಿಂದ ಬಿಸಿಲು ಇರುವಾಗಲೇ ನಮ್ಮ ಬುಟ್ಟಿಗೆ ರೊಟ್ಟಿ ಬಂದು ಬೀಳುತ್ತಿತ್ತು. ನಾನು ಅಂಗಡಿ ಮುಚ್ಚಿ ಬಂದು ಸವಿತಾಳಿಗೆ ಊಟಕ್ಕೆ ಹಾಕುತ್ತಿದ್ದೆ. ನನಗೆ ಊಟ ಸೇರುತ್ತಿರಲಿಲ್ಲ. ಅದೇನು ಹಟವಲ್ಲ, ವ್ರತವಲ್ಲ. ಕಸ್ತೂರಿ ಇಲ್ಲದ ಅಡಿಗೆಮನೆಯಲ್ಲಿ ಕೂತರೆ ರೊಟ್ಟಿಯ ತುತ್ತು ಗಂಟಲಲ್ಲಿ ಹತ್ತಿಯಂತೆ ಉಳಿಯುತ್ತಿತ್ತು. "ಅಂಗಡ್ಯಾಗ ತಿಂದ ಬಂದೀನಿ" ಅನ್ನುತ್ತಿದ್ದೆ. ಅಂಗಿ ಸಡಿಲಾಯಿತು. ಗಿರಾಕಿಗಳು, "ಯಾಕ್ರಿ ಮಿಸ್ತ್ರಿ, ಬಾಳ ಇಳದೀರಿ" ಅಂದರೆ ಬೇಸಿಗೆಯ ಕೆಲಸ ಎಂದು ಚಳಿಗಾಲದಲ್ಲೇ ಹೇಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಸವಿತಾ ಒಂದು ಹೊಸ ರೂಢಿ ಹಿಡಿದಳು. ಸಂಜೆ ಊಟಕ್ಕೆ ಕೂತಾಗ ತನ್ನ ಎರಡು ರೊಟ್ಟಿಯಲ್ಲಿ ಅರ್ಧ ಮುರಿದು, ಒಂದಿಷ್ಟು ಶೇಂಗಾ ಚಟ್ನಿ ಇಟ್ಟು, ಅವ್ವನ ತಾಟಿನಲ್ಲಿ ಹಾಕಿ, ಮೇಲೊಂದು ತಾಟು ಮುಚ್ಚಿ ಒಲೆಯ ಮೇಲಿನ ಗೂಡಿನಲ್ಲಿ ಇಡುವಳು.

"ಯಾರಿಗವಾ ಅದು?"

"ಅವ್ವಗ. ಮುಂಜಾನಿ ಬಸ್ಸಿಗೆ ಬಂದ್ಲಂದ್ರ? ಹಸದಿರತಾಳ."

ನಾನು ಹಿತ್ತಲಿಗೆ ಹೋಗಿ ನಿಂತೆ. ಈಗ ಹೇಳಿಬಿಡಬೇಕು ಅನಿಸಿತು. ವೇಳೆ ನೋಡಿ ಹೇಳುತ್ತೇನೆ ಎಂದಿದ್ದೆನಲ್ಲ, ಇದೇ ವೇಳೆ. ಹೇಳಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಏಳುವ ಮೊದಲು ಗೂಡಿಗೆ ಕೈಹಾಕಿದೆ. ಆ ಅರ್ಧ ರೊಟ್ಟಿ ಹಾಗೇ ಇದ್ದರೆ ಮಗು ಅದನ್ನು ನೋಡಬೇಕಲ್ಲ, ಅವ್ವ ಬರಲಿಲ್ಲ ಎಂದು ದಿನವೂ ತಿಳಿಯಬೇಕಲ್ಲ. ಎಸೆಯಲು ಮನಸ್ಸು ಬರಲಿಲ್ಲ. ನಿಂತೇ, ಕಳ್ಳನ ಹಾಗೆ, ಒಂದು ಕಣ್ಣು ಒಳಕೋಣೆಯ ಬಾಗಿಲ ಮೇಲಿಟ್ಟು ತಿಂದುಬಿಟ್ಟೆ. ವಿಚಿತ್ರವೆಂದರೆ ಅದು ಗಂಟಲಲ್ಲಿ ಇಳಿಯಿತು. ಅದು ನನ್ನ ಊಟವಲ್ಲ, ಕೆಲಸ. ಕೆಲಸ ನನಗೆ ಯಾವತ್ತೂ ಗಂಟಲಲ್ಲಿ ನಿಂತದ್ದಿಲ್ಲ. ತಾಟು ತೊಳೆದು ಇಟ್ಟೆ. ಮರುದಿನ ಮತ್ತೆ ಅರ್ಧ ರೊಟ್ಟಿ. ಕೆಲವು ದಿನ ಒಂದು ಪೂರಾ ರೊಟ್ಟಿ. ಅವ್ವ ಬಂದಿಲ್ಲ, ಹಾಗಾದರೆ ರೊಟ್ಟಿ ಎಲ್ಲಿ ಹೋಗುತ್ತದೆ ಎಂದು ಆಕೆ ಒಂದು ದಿನವೂ ಕೇಳಲಿಲ್ಲ. ಸಣ್ಣ ಕೂಸು, ಅಷ್ಟು ಎಲ್ಲಿ ಹೊಳೆಯಬೇಕು ಎಂದುಕೊಂಡೆ.

ಬೇಸಿಗೆ ಬಂತು. ಅಂಗಡಿಯ ಮುಂದೆ ಸುಟ್ಟ ಮೋಟಾರುಗಳ ಸಾಲು. ಅಂಥ ಹೊತ್ತಿನಲ್ಲಿ ಸವಿತಾ ಹಟ ಹಿಡಿದಳು:

"ಅಪ್ಪಾ, ವಸಂತ ಮಾಮಾನ ಅಂಗಡ್ಯಾಗ ಕೊಕ್ಕರಿ ಸಿನಿಮಾ ಐತಿ. ತಗೊಂಬಾ. ಕೊಕ್ಕರಿ, ಕೊಕ್ಕರಿ ಮರಿ, ಗೊಂಬೀದು."

"ತರತೀನಿ. ಪದ್ಮಾಯಿ ಕೂಡ ಕುಂತ ನೋಡು."

"ಊಂಹೂಂ. ನೀ ನೋಡಬೇಕು."

"ನನಗ್ಯಾಕವಾ ಗೊಂಬಿ ಸಿನಿಮಾ? ಅದು ಸಣ್ಣವರದ."

"ಅದು ಸಣ್ಣವರದಲ್ಲ" ಎಂದಳು. ಆಮೇಲೆ ಸ್ವಲ್ಪ ತಡೆದು, "ನೀ ಕುಂತ್ರ ನಾ ಇನ್ನ ಏನೂ ಕೇಳಂಗಿಲ್ಲ."

ಒಂದು ಭಾನುವಾರದ ಮಧ್ಯಾಹ್ನ ಬಿಟ್ಟುಕೊಟ್ಟೆ. ವಸಂತ ವಿಸಿಆರ್ ಸಮೇತ ಕ್ಯಾಸೆಟ್ಟು ಕೊಟ್ಟ. ಬಾಡಿಗೆ ಬೇಡ ಎಂದು, "ಕಡೀತನಕ ನೋಡಿದ್ರ ಅಂಗಡಿ ನಿಂದ, ಮರೀಬ್ಯಾಡ" ಎಂದು ನಕ್ಕ. ನಮ್ಮದು ಕಪ್ಪು ಬಿಳುಪಿನ ಸಣ್ಣ ಟಿವಿ. ಕೊಕ್ಕರೆಗೆ ಅದಕ್ಕಿಂತ ಹೆಚ್ಚಿನ ಬಣ್ಣ ಬೇಕಿಲ್ಲ ಎಂದು ತಂತಿ ಜೋಡಿಸಿದೆ. ಸವಿತಾ ನನ್ನ ಪಕ್ಕ ಕೂತಳು, ಪದ್ಮಾಯಿ ಬಾಗಿಲಿಗೆ ಒರಗಿ ಕೂತರು.

ಸಿನಿಮಾ ಹಿಂದಿಯದು. ಮರಾಠಿ ಬಲ್ಲವನಿಗೆ ಕಷ್ಟವೇನಲ್ಲ. ಒಂದು ಹೊಳೆ, ಜೊಂಡು, ಒಂದು ಜೋಡಿ ಕೊಕ್ಕರೆ, ಒಂದು ಮರಿ. ಮೊದಮೊದಲು ಮರಿ ಬೀಳುವುದು, ಏಳುವುದು, ಕಪ್ಪೆಗೆ ಹೆದರುವುದು. ಪದ್ಮಾಯಿ ಮೀನು ಬಂದಾಗಲೆಲ್ಲ ಮುಖ ಹೊರಳಿಸಿ, "ಮುಗೀತೇನು ತಿನ್ನೂದು?" ಎಂದು ಕೇಳಿ ತಿರುಗುತ್ತಿದ್ದರು. ನಾನು ಮನಸ್ಸಿನಲ್ಲಿ ಅಂಗಡಿಯ ಮೋಟಾರುಗಳ ಸುತ್ತು ಎಣಿಸುತ್ತಿದ್ದೆ. ಆಮೇಲೆ ಬೇಸಿಗೆ ಬಂತು. ಸಿನಿಮಾದಲ್ಲಿ. ಹೊಳೆ ಬತ್ತಿತು. ತಾಯಿ ಕೊಕ್ಕರೆ ನೀರು ಹುಡುಕುತ್ತ ಗುಡ್ಡದ ಆಚೆ ಹಾರಿತು. ಬರಲಿಲ್ಲ. ಗಂಡು ಕೊಕ್ಕರೆ ಒಂದೇ ಕಾಲ ಮೇಲೆ ನಿಂತು ಮರಿಗೆ ದಿನವೂ ಹೇಳುತ್ತಿತ್ತು, ನಾಳೆ ಬರುತ್ತಾಳೆ ಎಂದು.

ನನ್ನ ಎಣಿಕೆ ತಪ್ಪಿತು.

ಮರಿ ತನ್ನ ಪಾಲಿನ ಮೀನಿನಲ್ಲಿ ಅರ್ಧ ಮುರಿದು ಒಂದು ಕಲ್ಲಿನ ಮೇಲೆ ಇಟ್ಟಿತು. ಅವ್ವನಿಗೆ ಎಂದಿತು. ಗಂಡು ಕೊಕ್ಕರೆ ಕುತ್ತಿಗೆ ಬಗ್ಗಿಸಿ ಅದನ್ನು ನೋಡುತ್ತ ನಿಂತಿತು. ಬರೇ ಗೆರೆ ಎಳೆದು ಮಾಡಿದ ಹಕ್ಕಿ, ಒಂದು ಚುಕ್ಕೆ ಅದರ ಕಣ್ಣು. ನಮ್ಮ ಅಡಿಗೆಮನೆಯ ಮಾತು ಈ ಸಿನಿಮಾ ತೆಗೆದವರಿಗೆ ಯಾರು ಹೇಳಿದರು? ಪದ್ಮಾಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಇನ್ನೊಂದು ಗಳಿಗೆ ಕೂತರೆ ನಾನು ಮಗಳ ಮುಂದೆ, ನೆರೆಯವರ ಮುಂದೆ, ಒಂದು ಕೊಕ್ಕರೆಯ ಸಲುವಾಗಿ ಬಾಯಿಬಿಟ್ಟು ಅಳುತ್ತಿದ್ದೆ. ಮಣ್ಣಿನ ದಿನವೂ ಅಳದ ಗಂಡಸು ನಾನು.

ಎದ್ದೆ. ಗೋಡೆಯ ಮೀಟರಿನ ಮುಂದೆ ಹೋಗಿ ನಿಂತು ನೋಡಿದಂತೆ ಮಾಡಿದೆ. ಕಣ್ಣಲ್ಲಿ ನೀರಿತ್ತು, ಮುಳ್ಳು ಎಲ್ಲಿದೆ ಎಂದು ನನಗೆ ಕಾಣಲೇ ಇಲ್ಲ.

"ವೋಲ್ಟೇಜ್ ಬಿತ್ತು" ಎಂದು ಬಟನ್ ಆರಿಸಿದೆ.

"ಅಯ್ಯ ತಮ್ಮಾ, ಇನ್ನೊಂದೀಟ ಇತ್ತಲ್ಲೋ" ಎಂದರು ಪದ್ಮಾಯಿ.

"ಟಿವಿ ಸುಟ್ಟ ಮ್ಯಾಲ ಏನ್ ಮಾಡೂದ್ರಿ ಆಯಿ?"

ನೆತ್ತಿಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಪರದೆಯ ನಡುವೆ ಬಿಳಿ ಚುಕ್ಕೆಯೊಂದು ಸಣ್ಣದಾಗುತ್ತ ಹೋಗಿ ಆರಿತು. ಸವಿತಾ ಅದನ್ನು ನೋಡಿದಳು, ಗೋಡೆ ನೋಡಿದಳು, ನನ್ನ ಬೆನ್ನು ನೋಡಿದಳು.

"ಇನ್ನ ಐದ ನಿಮಿಷ ಇತ್ತಪಾ."

"ಇನ್ನೊಮ್ಮಿ ನೋಡೂಣು."

ಐದು ನಿಮಿಷ ಎಂದು ಆಕೆಗೆ ಹೇಗೆ ಗೊತ್ತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬಿಸಿಲು ಇಳಿಯುವ ಮೊದಲೇ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಎಲ್ಲ ತಿರುಗಿ ಕೊಟ್ಟೆ. "ಹೆಂಗಿತ್ತಪಾ?" ಎಂದ ವಸಂತ.

"ಸಣ್ಣ ಹುಡುಗರದ. ನಮಗೇನ್ ಐತಿ ಅದರಾಗ?"

ಸವಿತಾ ಮಾತಿಗೆ ತಪ್ಪಲಿಲ್ಲ. ಮತ್ತೆ ಏನೂ ಕೇಳಲಿಲ್ಲ. ಪತ್ರ ಓದು ಎಂದು ಕೂಡ ಕೇಳಲಿಲ್ಲ. ರೊಟ್ಟಿ ಮಾತ್ರ ಇಡುತ್ತಿದ್ದಳು. ಮಳೆಗಾಲ ಬಂದು, ನನ್ನ ಹಸಿವು ನನಗೆ ತಿರುಗಿ ಬಂದು, ನಾನು ಆಕೆಯ ಜೊತೆ ಕೂತು ಉಣ್ಣತೊಡಗಿದ ಮೇಲೆ ಅದೂ ಯಾವಾಗಲೋ ನಿಂತಿತು. ಮುಂದಿನ ದೀಪಾವಳಿಗೆ ಪದ್ಮಾಯಿ ನನ್ನನ್ನು ಕೇಳದೆ ಕಸ್ತೂರಿಯ ಫೋಟೊಕ್ಕೆ ಮಾಲೆ ಹಾಕಿದರು. ಸಾಲಿಯಿಂದ ಬಂದ ಸವಿತಾ ಅದನ್ನು ನೋಡಿದಳು. ಚೀಲ ಇಳಿಸಿದಳು. ಕೈಕಾಲು ತೊಳೆದು ಬಂದು ಕೈಮುಗಿದು, ಅಭ್ಯಾಸಕ್ಕೆ ಕೂತಳು. ನಾನು ಹೇಳಬೇಕಾದ ಮಾತು ಅಲ್ಲಿಗೆ ಮುಗಿಯಿತು. ನಾನು ಹೇಳಲಿಲ್ಲ, ಆಕೆ ಕೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೇ ಇದ್ದು ಹತ್ತು ಹನ್ನೊಂದು ವರ್ಷ ಆ ಮಾತಿನ ಸುತ್ತ ಚೌಕ ಬಿಟ್ಟು ಬದುಕಿದೆವು.

ಇನ್ನು ಪೇಂಟರ್ ಬಂದ ದಿನಕ್ಕೆ ಬರುತ್ತೇನೆ. ಚಹಾದ ಕಪ್ಪು ಹಿಡಿದು ನಿಂತ ಸವಿತಾ ಮೀಟರನ್ನು ನೋಡಿ ಅಂದದ್ದು ಇಷ್ಟು:

"ಅಪ್ಪಾ, ಅವತ್ತ ಮುಳ್ಳು ಇನ್ನೂರಾ ಇಪ್ಪತ್ತರ ಮ್ಯಾಲ ಇತ್ತು."

ಯಾವತ್ತು ಎಂದು ನಾನು ಕೇಳಲಿಲ್ಲ.

ಪೇಂಟರ್ ಚಹಾ ಕುಡಿದು ಮತ್ತೆ ಏಣಿ ಹತ್ತಿದ. ನಾವಿಬ್ಬರೂ ಹಿತ್ತಲಿನ ಕಟ್ಟೆಯ ಮೇಲೆ ಕೂತೆವು. "ನಿನಗ ಹೆಂಗ ಗೊತ್ತಿತ್ತು ಐದ ನಿಮಿಷ ಉಳದೈತಿ ಅಂತ?" ಎಂದೆ.

"ಸಂಕ್ರಾಂತಿ ಆದಮ್ಯಾಲ ಸಾಲ್ಯಾಗಿಂದ ಟಾಕೀಜಿಗೆ ಕರಕೊಂಡ ಹೋಗಿದ್ರಲ್ಲ, ಮುಂಜಾನಿ ಆಟಕ್ಕ. ಅದ ಸಿನಿಮಾ. ಯಾವ್ದ ನೋಡಿದಿ ಅಂತ ನೀ ಕೇಳಲೇ ಇಲ್ಲ."

"ಮತ್ತ ಅವ್ವಂದು? ಅದ ಯಾವಾಗ ಗೊತ್ತಾತು?"

"ಅನಂತಪುರದಾಗನ. ಅತ್ತಿ ದನದ ಕೊಟ್ಟಿಗ್ಯಾಗ ಬಾಯಾಗ ಸೆರಗ ತುರುಕೊಂಡು ಅಳತಿದ್ಲು. ನಾ ಹಿಂದ ನಿಂತಿದ್ದೆ."

ಅಂದರೆ ಮೊದಲ ದಿನವೇ. ಹಾಲಿನವಳ ಸುಳ್ಳಿಗಿಂತ ಮೊದಲು, ಮಾಸ್ತರರ ಸುಳ್ಳಿಗಿಂತ ಮೊದಲು.

"ಎಲ್ಲಾ ಗೊತ್ತಿದ್ದೂ ಆ ಪತ್ರ ಎರಡೆರಡ ಸಲ ಓದಸ್ತಿದ್ದೇನ?"

"ಓದೂಮುಂದ ನಿನ್ನ ಮಾರಿ ಒಂದೀಟ ಅರಳತಿತ್ತಪಾ. ಅದಕ್ಕ."

ಒಳಗೆ ಪೇಂಟರ್ ಏಣಿ ಎಳೆಯುವ ಸದ್ದು. ನನಗೆ ಇನ್ನೊಂದು ಕೇಳುವುದಿತ್ತು. ಇಷ್ಟು ವರ್ಷ ಒಬ್ಬರನ್ನೂ ಕೇಳಿರಲಿಲ್ಲ. ನಡುವೆ ಒಮ್ಮೆ ನಾಚಿಕೆ ಬಿಟ್ಟು ವಸಂತನ ಅಂಗಡಿಗೆ ಹೋಗಿದ್ದೆ. ಅಷ್ಟರಲ್ಲಿ ಮನೆಮನೆಗೆ ಕೇಬಲ್ ಬಂದು ಅವನು ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿ ಚಪ್ಪಲಿ ಮಾರುತ್ತಿದ್ದ.

"ಕಡೀಕ ಏನಾತದು? ಆ ಕೊಕ್ಕರಿದು?"

ಸವಿತಾ ಕೈಯ ಮೇಲೆ ಬಿದ್ದ ಬಣ್ಣದ ಹನಿಯನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. ತಾಯಿ ಹೋದ ಮೇಲೆ ಗಂಡು ಕೊಕ್ಕರೆ ಉಪವಾಸ ಬೀಳುತ್ತದೆ. ಹಿಡಿದದ್ದನ್ನೆಲ್ಲ ಮರಿಗೇ ಕೊಡುತ್ತದೆ. ನಾನು ಅಲ್ಲೇ ತಿಂದು ಬಂದೆ ಅನ್ನುತ್ತದೆ. ಮರಿ ಅರ್ಧ ಮೀನು ಕಲ್ಲಿನ ಮೇಲೆ ಇಡುತ್ತದೆ. ಮರಿಗೆ ದುಃಖ ಆಗಬಾರದೆಂದು ಅಪ್ಪ ಕೊಕ್ಕರೆ ನಸುಕಿನಲ್ಲಿ ಕದ್ದು ಬಂದು ಅದನ್ನು ತಿನ್ನುತ್ತದೆ.

"ಮರೀಗೆ ಅದು ಗೊತ್ತೇನ?"

"ಗೊತ್ತಿದ್ದ ಇಡತೈತಿ. ಜೊಂಡಿನಾಗ ಅಡಗಿ ನೋಡತೈತಿ. ಅಪ್ಪ ತಿಂದ ಮ್ಯಾಲ ಮಕ್ಕೊತೈತಿ. ಅಲ್ಲಿಗೆ ಮುಗೀತೈತಿ." ಆಮೇಲೆ ತಲೆ ಎತ್ತದೆ ಅಂದಳು, "ನಾನೂ ಅವ್ವಗ ಇಡತಿದ್ದಿಲ್ಲಪಾ. ನಿನ್ನ ಮುಂದ ಉಣ್ಣು ಅಂದ್ರ ನೀ ಉಣತಿದ್ದೇನ?"

ಸುತ್ತು ಎಣಿಸುವುದರಲ್ಲಿ ತಪ್ಪದವನು ನಾನು, ಏಳು ವರ್ಷದ ಕೂಸು ಎರಡು ರೊಟ್ಟಿಯಲ್ಲಿ ಒಂದೂವರೆ ತಿಂದದ್ದನ್ನು ಎಣಿಸಿರಲಿಲ್ಲ. ಆ ಸಿನಿಮಾ ಸಣ್ಣವರದಲ್ಲ ಎಂದು ಆಕೆ ಬಾಯಿಬಿಟ್ಟು ಹೇಳಿದ್ದಳು. ನನಗಾಗಿಯೇ ತರಿಸಿದ್ದಳು. ಹೇಳಲಾರದ್ದನ್ನು ತೋರಿಸಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಐದು ನಿಮಿಷ ಕೂತಿದ್ದರೆ ಅಪ್ಪ, ಮಗಳು ಇಬ್ಬರೂ ಒಮ್ಮೆಯಾದರೂ ಕೂಡಿ ಅತ್ತು ಮುಗಿಸುತ್ತಿದ್ದೆವು. ಆಕೆ ಒಬ್ಬಳೇ ಎಲ್ಲಿ ಅತ್ತಳೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಇಲ್ಲ.

ಮದುವೆ ಆಯಿತು. ರಾಯಬಾಗಕ್ಕೆ ಕೊಟ್ಟಿದ್ದೇನೆ, ದೂರವೇನಲ್ಲ. ಬಣ್ಣದ ವಾಸನೆ ಇನ್ನೂ ಇರುವಾಗಲೇ ಹೋದಳು. ಜೀಪು ಹತ್ತುವ ಮೊದಲು ಏನೋ ಮರೆತೆ ಎಂದು ಒಳಗೆ ಹೋಗಿ ಬಂದಳು. ಹೆಣ್ಣುಮಕ್ಕಳು ಏನಾದರೂ ಮರೆಯುತ್ತಾರೆ ಎಂದು ನಾನು ಹೊರಗೆ ಜೀಪಿನವನ ಜೊತೆ ಮಾತಾಡುತ್ತ ನಿಂತಿದ್ದೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟಾಗ ಚಹಾಪುಡಿ ಹುಡುಕಲು ಒಲೆಯ ಮೇಲಿನ ಗೂಡಿಗೆ ಕೈಹಾಕಿದೆ. ಕಸ್ತೂರಿಯ ತಾಟು. ಮೇಲೊಂದು ಮುಚ್ಚಿದ ತಾಟು. ಒಳಗೆ ಅರ್ಧ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ. ರೊಟ್ಟಿ ಸ್ವಲ್ಪ ಒಣಗಿತ್ತು.

ಹಿಂದೆ ನಿಂತು ತಿನ್ನುತ್ತಿದ್ದೆ. ಆ ದಿನ ತಾಟು ಕೆಳಗಿಟ್ಟುಕೊಂಡು, ಕೂತು ತಿಂದೆ.